ಹುಡುಕಿದವರೆಲ್ಲ ರೋಗಿಗಳಲ್ಲ

ಎಲ್ಲರಿಗೂ ನಮಸ್ಕಾರ. ನನಗಿಂತ ಮೊದಲು ಮಾತಾಡಿದವರು ಒಂದು ಗ್ರಾಫ್ ತೋರಿಸಿ, ಗೂಗಲ್‌ನಲ್ಲಿ ಜ್ವರದ ಹುಡುಕಾಟ ಏರಿದೆ, ಹಾಗಾಗಿ ಜ್ವರವೂ ಏರಿದೆ ಎಂದರು. ನನಗೆ ಕೂತಲ್ಲಿ ಕೂರಲಾಗಲಿಲ್ಲ. ಹುಡುಕಿದವರೆಲ್ಲ ರೋಗಿಗಳಲ್ಲ ಸ್ವಾಮಿ! ಬರೆದುಕೊಂಡು ಬಂದಿದ್ದನ್ನು ಪಕ್ಕಕ್ಕಿಟ್ಟು ಇದನ್ನೇ ಹೇಳುತ್ತೇನೆ.

ಗುಂಥರ್ ಐಸೆನ್‌ಬಾಕ್ ಅಂತ ಒಬ್ಬ ಸಂಶೋಧಕರು. 2004-05ರ ಚಳಿಗಾಲ, ಕೆನಡಾ. ಯಾರು ಏನು ಹುಡುಕುತ್ತಿದ್ದಾರೆ ಎಂಬ ಲೆಕ್ಕ ಗೂಗಲ್ ಹೊರಗೆ ಕೊಡುತ್ತಿರಲಿಲ್ಲ. ಇವರೇನು ಮಾಡಿದರು ಗೊತ್ತಾ? ಜಾಹೀರಾತು ಕೊಂಡರು! ‘ಫ್ಲೂ’ ಅಂತ ಟೈಪ್ ಮಾಡಿದವರಿಗೆ ‘ನಿಮಗೆ ಫ್ಲೂ ಇದೆಯಾ?’ ಎಂಬ ಪುಟ್ಟ ಜಾಹೀರಾತು ಕಾಣುತ್ತಿತ್ತು. ಒತ್ತಿದರೆ ಫ್ಲೂ ಬಗ್ಗೆ ಮಾಹಿತಿ ಇರುವ ಪುಟ. ಮಾರುವುದಕ್ಕೆ ಏನೂ ಇಲ್ಲ, ಒತ್ತಿದವರನ್ನು ಎಣಿಸುವುದಷ್ಟೇ ಕೆಲಸ. ಆ ಎಣಿಕೆ ಮುಂದಿನ ವಾರದ ಫ್ಲೂ ಪ್ರಕರಣಗಳ ಜೊತೆ ಚೆನ್ನಾಗಿ ತಾಳೆಯಾಯಿತು. ಖರ್ಚು ಕೆಲವೇ ನೂರು ಡಾಲರ್. ಇಷ್ಟು ಅಗ್ಗದ ಜಾಣತನ ನನಗಂತೂ ಬಹಳ ಇಷ್ಟ.

2008ರಲ್ಲಿ ಗೂಗಲ್ ತಾನೇ, ಹುಡುಕಾಟ ನೋಡಿ ಫ್ಲೂ ಎಷ್ಟಿದೆ ಎಂದು ಅಂದಾಜಿಸುವ ಫ್ಲೂ ಟ್ರೆಂಡ್ಸ್ ಶುರುಮಾಡಿತು. 5 ಕೋಟಿ ಬಗೆಯ ಹುಡುಕಾಟಗಳನ್ನು ಜರಡಿ ಹಿಡಿದು, ಫ್ಲೂ ಏರಿಳಿತಕ್ಕೆ ಹೊಂದುವ 45 ಉಳಿಸಿಕೊಂಡರು. ಜರಡಿಯಲ್ಲಿ ಹೈಸ್ಕೂಲ್ ಬಾಸ್ಕೆಟ್‌ಬಾಲ್ ಕೂಡ ಸಿಕ್ಕಿತ್ತು! ಅಮೆರಿಕದಲ್ಲಿ ಆ ಆಟವೂ ಚಳಿಗಾಲದ್ದು, ಫ್ಲೂ ಕೂಡ ಚಳಿಗಾಲದ್ದು, ಕಂಪ್ಯೂಟರಿಗೆ ಎರಡೂ ಒಂದೇ. ಅದನ್ನು ಕೊನೆಯ 45ರಲ್ಲಿ ಸೇರಿಸಲಿಲ್ಲ ಬಿಡಿ. ಆದರೆ 2009ರಲ್ಲಿ ಹಂದಿಜ್ವರ ಎಂಬ ಎಚ್‌1ಎನ್‌1 ಚಳಿಗಾಲ ಮುಗಿದ ಮೇಲೆ ಬಂದಾಗ ಅದು ಫ್ಲೂ ಟ್ರೆಂಡ್ಸ್‌ಗೆ ಸರಿಯಾಗಿ ಕಾಣಲೇ ಇಲ್ಲ. 2012-13ರಲ್ಲಿ ಉಲ್ಟಾ, ಡಾಕ್ಟರ ಹತ್ತಿರ ಬಂದವರ ಲೆಕ್ಕಕ್ಕಿಂತ ಸುಮಾರು ಎರಡು ಪಟ್ಟು ಹೇಳಿತು. ಟಿವಿಯಲ್ಲಿ ಫ್ಲೂ ಫ್ಲೂ ಅಂದರೆ ಆರೋಗ್ಯವಾಗಿರುವವರೂ ಹುಡುಕುತ್ತಾರೆ, ಅಲ್ವಾ? 2015ರಲ್ಲಿ ಅದನ್ನು ನಿಲ್ಲಿಸಿದರು.

2013ರಲ್ಲಿ ಹಾಲಿವುಡ್ ನಟಿ ಆಂಜಲೀನಾ ಜೋಲಿ ತಮ್ಮ ಸ್ತನ ಶಸ್ತ್ರಚಿಕಿತ್ಸೆಯ ಬಗ್ಗೆ ಬರೆದರು. ಬಿಆರ್‌ಸಿಎ ಎಂಬ, ಸ್ತನ ಕ್ಯಾನ್ಸರ್ ಅಪಾಯಕ್ಕೆ ಸಂಬಂಧಿಸಿದ ಜೀನ್ ಬಗೆಗಿನ ಹುಡುಕಾಟ ದಿಢೀರ್ ಜಿಗಿಯಿತು. ಆ ವಾರ ಕ್ಯಾನ್ಸರ್ ಜಾಸ್ತಿಯಾಯಿತಾ? ಇಲ್ಲ, ಹುಡುಕಿದವರೆಲ್ಲ ರೋಗಿಗಳಲ್ಲ. ಆದರೆ ಆ ಜಿಗಿತ ಸುಮ್ನೆ ಅಲ್ಲ. ಜನ ಕೇಳಲು ತಯಾರಾಗಿದ್ದಾರೆ, ಉತ್ತರ ಈಗಲೇ ಕೊಡಿ ಅಂತ ಅದರರ್ಥ.

ಅದಕ್ಕೇ ನಾನು ಹೇಳುವುದು, ಗ್ರಾಫಿನ ಗೆರೆ ನೋಡಬೇಡಿ, ಜನ ಹುಡುಕಿದ ಪ್ರಶ್ನೆ ಓದಿ. ‘ಫ್ಲೂ ಲಕ್ಷಣಗಳು’ ಅಂತ ಯಾರು ಬೇಕಾದರೂ ಹುಡುಕಬಹುದು. ‘ಎರಡು ವರ್ಷದ ಮಗುವಿಗೆ ರಾತ್ರಿ ಮಾತ್ರ ಜ್ವರ ಯಾಕೆ ಬರುತ್ತೆ’ ಅಂತ ಬರೆದವರ ಮನೆಯಲ್ಲಿ ಹೆಚ್ಚುಕಡಿಮೆ ಒಂದು ಮಗು ನರಳುತ್ತಿದೆ. ‘ಲಸಿಕೆ ಹಾಕಿಸಿದ ಮೇಲೆ ಎದೆಹಾಲು ಕೊಡಬಹುದಾ’ ಎಂಬುದರಲ್ಲಿ ರೋಗವೇ ಇಲ್ಲ, ಆದರೂ ಆರೋಗ್ಯ ಇಲಾಖೆಯವರು ಮೊದಲು ಓದಬೇಕಾದ ಸಾಲು ಅದು. ಡಾಕ್ಟರ ಎದುರು ನಾಚಿಕೆಯಿಂದ ನುಂಗಿಕೊಂಡದ್ದನ್ನೂ ಜನ ಇಲ್ಲಿ ಬರೆಯುತ್ತಾರೆ.

ಚೀಟಿ ಬಂತು, ಐದು ನಿಮಿಷ ಅಂತೆ. ಬೇಗ ಹೇಳಿಬಿಡುತ್ತೇನೆ. ಜನ ಏನನ್ನು ಎಷ್ಟು ಹುಡುಕುತ್ತಾರೆ ಎಂದು ತೋರಿಸುವ ಗೂಗಲ್ ಟ್ರೆಂಡ್ಸ್‌ನ 100 ಅಂದರೆ ನೂರು ಜನ ಅಲ್ಲ, ನೀವು ಆರಿಸಿದ ಅವಧಿಯ ಗರಿಷ್ಠ ಮಟ್ಟ ಅಷ್ಟೇ. ಅಮ್ಮನ ಕೆಮ್ಮನ್ನು ಬೇರೆ ಊರಲ್ಲಿರುವ ಮಗಳು ಹುಡುಕಿರಬಹುದು, ಆಗ ಯಾವ ಊರಲ್ಲಿ ರೋಗ ಎಂಬ ನಕ್ಷೆಯೂ ತಪ್ಪುತ್ತದೆ. ಗೋಪ್ಯತೆಯದ್ದು ದೊಡ್ಡ ವಿಷಯ, ಅದಕ್ಕೀಗ ಸಮಯವಿಲ್ಲ.

ಇನ್ನೊಂದೇ ಒಂದು. 2014ರಲ್ಲಿ ಸಂಶೋಧಕ ಡೇವಿಡ್ ಲೇಜರ್ ಮತ್ತು ಸಂಗಡಿಗರು ಫ್ಲೂ ಟ್ರೆಂಡ್ಸ್ ಎಡವಿದ್ದನ್ನು ಬಿಡಿಸಿ ತೋರಿಸಿದರು. ಡಾಕ್ಟರ ಹತ್ತಿರ ಬಂದವರ ಕೆಲವು ವಾರ ಹಳೆಯ ಲೆಕ್ಕವೇ ಅದಕ್ಕಿಂತ ವಾಸಿಯಿತ್ತು, ಎರಡನ್ನೂ ಸೇರಿಸಿದರೆ ಇನ್ನೂ ವಾಸಿ. ನನಗಿಂತ ಮೊದಲು ಮಾತಾಡಿದವರ ಗ್ರಾಫಿನಲ್ಲಿ ಡಾಕ್ಟರ ಲೆಕ್ಕದ ಆ ಎರಡನೇ ಗೆರೆ ಇರಲಿಲ್ಲ. ಅವರು ಇಲ್ಲೇ ಇದ್ದಾರೆ, ನೀವೇ ಕೇಳಿ.