ರಾಸ್ ಅಜ್ದೀರ್ ಗಡಿಯಲ್ಲಿ ನಿಂತವರು

ಎಲ್ಲರಿಗೂ ನಮಸ್ಕಾರ.

ಜನ ಸರ್ವಾಧಿಕಾರಿಯ ವಿರುದ್ಧ ಎದ್ದು ನಿಂತ ಕಥೆಯನ್ನು ಹೇಳುವಾಗ ನಮ್ಮ ಕಣ್ಣಿಗೆ ಎರಡೇ ಪಾತ್ರ ಕಾಣುತ್ತವೆ. ಅರಮನೆಯೊಳಗೆ ಒಬ್ಬ, ಬೀದಿಯಲ್ಲಿ ಲಕ್ಷಾಂತರ ಮಂದಿ. ನಾನು ಇವತ್ತು ಮೂರನೆಯವರ ಬಗ್ಗೆ ಮಾತಾಡಬೇಕೆಂದು ಬಂದಿದ್ದೇನೆ. ಆ ದೇಶದಲ್ಲಿ ಗಾರೆ ಕಲಸುತ್ತಿದ್ದವರು, ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡುತ್ತಿದ್ದವರು, ಎಣ್ಣೆ ಬಾವಿಯ ಹತ್ತಿರ ವೆಲ್ಡಿಂಗ್ ಮಾಡುತ್ತಿದ್ದವರು. ಘೋಷಣೆ ಕೂಗುವ ಹಕ್ಕು ಅವರಿಗಿರಲಿಲ್ಲ. ಗುಂಡು ಹಾರಿದಾಗ ಬಚ್ಚಿಟ್ಟುಕೊಳ್ಳಲು ಸ್ವಂತ ಮನೆಯೂ ಇರಲಿಲ್ಲ.

ನಾನು ಆರಿಸಿಕೊಂಡಿರುವುದು ಲಿಬಿಯಾ, 2011.

ಹಿನ್ನೆಲೆ ನಿಮಗೆಲ್ಲ ಗೊತ್ತಿರುವುದೇ. 2010ರ ಡಿಸೆಂಬರ್ 17ರಂದು ಟ್ಯುನೀಷಿಯಾದ ಸಿದಿ ಬುಜಿದ್ ಊರಿನಲ್ಲಿ ತಳ್ಳುಗಾಡಿ ವ್ಯಾಪಾರಿ ಮೊಹಮ್ಮದ್ ಬುಅಜೀಜಿ ಮೈಗೆ ಬೆಂಕಿ ಹಚ್ಚಿಕೊಂಡ. ಒಂದು ತಿಂಗಳು ತುಂಬುವುದರೊಳಗೆ ಅಧ್ಯಕ್ಷ ಬೆನ್ ಅಲಿ ದೇಶ ಬಿಟ್ಟು ಓಡಿದ. ಫೆಬ್ರವರಿ 11ಕ್ಕೆ ಈಜಿಪ್ಟಿನ ಮುಬಾರಕ್ ಕೆಳಗಿಳಿದ. ಇಬ್ಬರ ನಡುವೆ ಸಿಕ್ಕಿಕೊಂಡಿದ್ದವನು ಲಿಬಿಯಾವನ್ನು 1969ರಿಂದ ಆಳುತ್ತಿದ್ದ ಗಡಾಫಿ. ಬೆಂಗಾಜಿಯಲ್ಲಿ ಕಿಡಿ ಹೊತ್ತಿದ್ದು ಫೆಬ್ರವರಿ 15ರಂದು, ಫತ್ಹಿ ತರ್ಬಿಲ್ ಎಂಬ ವಕೀಲನನ್ನು ಬಂಧಿಸಿದಾಗ. 1996ರಲ್ಲಿ ರಾಜಧಾನಿ ಟ್ರಿಪೋಲಿಯ ಅಬು ಸಲೀಂ ಜೈಲಿನಲ್ಲಿ ಸುಮಾರು 1,200 ಕೈದಿಗಳನ್ನು ಕೊಂದಿದ್ದರು. ಸತ್ತವರ ತಾಯಂದಿರ, ಹೆಂಡಿರ ಪರವಾಗಿ ವಾದಿಸುತ್ತಿದ್ದವನು ಈತ. ಹೀಗೆ ಶುರುವಾದ ಬಂಡಾಯವನ್ನು ಲಿಬಿಯನ್ನರು ಇಂದಿಗೂ ಫೆಬ್ರವರಿ 17ರ ಕ್ರಾಂತಿ ಎಂದೇ ಕರೆಯುತ್ತಾರೆ. ಹದಿನೈದು ವರ್ಷ ಮಗನ ಹೆಣಕ್ಕಾಗಿ ಕಾದ ತಾಯಂದಿರು ಬೀದಿಗಿಳಿದದ್ದನ್ನು ‘ದಂಗೆ’ ಎನ್ನಲು ನನ್ನ ನಾಲಿಗೆಯೂ ಒಪ್ಪುವುದಿಲ್ಲ.

ಆಗ ಲಿಬಿಯಾದ ಜನಸಂಖ್ಯೆ ಅರವತ್ತು ಲಕ್ಷದ ಆಸುಪಾಸು. ಅವರ ನಡುವೆ ಹತ್ತಾರು ಲಕ್ಷ ಹೊರದೇಶದ ಕೆಲಸಗಾರರಿದ್ದರು. ಈಜಿಪ್ಟ್, ಟ್ಯುನೀಷಿಯಾ, ಸುಡಾನ್, ಚಾಡ್, ನೈಜರ್, ಘಾನಾ, ಬಾಂಗ್ಲಾದೇಶ, ಚೀನಾ, ಫಿಲಿಪೀನ್ಸ್, ವಿಯೆಟ್ನಾಂ. ನಮ್ಮವರೇ ಸುಮಾರು 18,000 ಮಂದಿ. ಆ ವರ್ಷ ಮುಗಿಯುವಷ್ಟರಲ್ಲಿ ಎಂಟು ಲಕ್ಷದ ಹತ್ತಿರ ಹತ್ತಿರ ವಲಸಿಗರು ಗಡಿ ದಾಟಿ ಹೋಗಿದ್ದರು.

ಅವರಲ್ಲಿ ಬಹಳ ಮಂದಿ ನಡೆದ ದಾರಿ ಟ್ರಿಪೋಲಿಯಿಂದ ಪಶ್ಚಿಮಕ್ಕೆ ಹೋಗುವ ಕರಾವಳಿ ರಸ್ತೆ. ಅದು ಟ್ಯುನೀಷಿಯಾವನ್ನು ಮುಟ್ಟುವ ಜಾಗವೇ ರಾಸ್ ಅಜ್ದೀರ್. ತಲೆಯ ಮೇಲೆ ಗಂಟು, ಹೆಗಲಿಗೆ ಕಂಬಳಿ, ಕೈಯಲ್ಲಿ ಹರಿದ ಸೂಟ್‌ಕೇಸ್ ಹಿಡಿದು ಗೇಟಿನ ಮುಂದೆ ನಿಂತ ಗುಂಪಿನ ಚಿತ್ರಗಳನ್ನು ಆಗ ಪತ್ರಿಕೆಗಳಲ್ಲಿ ನೋಡಿರುತ್ತೀರಿ. ಆ ದಾರಿಯ ಒಂದು ಸಂಗತಿಯನ್ನು ಮಾತ್ರ ನಾನು ಬಿಡಿಸಿ ಹೇಳಬೇಕು. ಚೆಕ್‌ಪೋಸ್ಟ್‌ಗಳಲ್ಲಿ ಗಡಾಫಿಯ ಸೈನಿಕರು ಇವರನ್ನು ನಿಲ್ಲಿಸಿ ಹಣ ಕಿತ್ತುಕೊಂಡರು. ಹಣ ಕೀಳುವುದು ಹೊಸದೇನಲ್ಲ. ಆದರೆ ಅವರು ಮೊಬೈಲಿನ ಸಿಮ್ ಕಾರ್ಡನ್ನೂ ಮೆಮೊರಿ ಕಾರ್ಡನ್ನೂ ತೆಗೆದು ಇಟ್ಟುಕೊಂಡರು ಎಂದು ಗಡಿ ದಾಟಿದವರು ಒಬ್ಬರಾದ ಮೇಲೆ ಒಬ್ಬರು ಹೇಳಿದರು. ಕೂಲಿಯವನ ಕೈಯಲ್ಲಿದ್ದ ಬೆರಳಿನ ಉಗುರಿನಷ್ಟು ದೊಡ್ಡ ಚಿಪ್ಪಿಗೆ ನಾಲ್ಕು ದಶಕಗಳ ಆಡಳಿತ ಹೆದರಿತ್ತು. ಪತ್ರಕರ್ತರು ಒಳಗೆ ಬರದಂತೆ ನೋಡಿಕೊಂಡಿದ್ದ ದೇಶದಿಂದ ಹೊರಗೆ ಹೋಗುತ್ತಿದ್ದ ಸಾಕ್ಷಿಗಳು ಈ ಗಾರೆ ಕೆಲಸದವರೇ.

ಇನ್ನು ಮನೆಗೆ ಮುಟ್ಟಿದ್ದು ಯಾರು, ಹೇಗೆ? ಬೆನ್ನ ಹಿಂದೆ ಯಾವ ಸರ್ಕಾರ ಇದೆ ಎನ್ನುವುದರ ಮೇಲೆ ಅದು ನಿಂತಿತ್ತು. ಚೀನಾ ಎರಡು ವಾರದೊಳಗೆ ತನ್ನ ಸುಮಾರು 35,000 ಜನರನ್ನು ಹಡಗು, ವಿಮಾನ, ಬಸ್ಸುಗಳಲ್ಲಿ ಹೊರಗೆ ತಂದಿತು. ಭಾರತದ ‘ಆಪರೇಷನ್ ಸೇಫ್ ಹೋಮ್‌ಕಮಿಂಗ್’ ಫೆಬ್ರವರಿ 26ಕ್ಕೆ ಶುರುವಾಯಿತು. ಬೆಂಗಾಜಿಯಿಂದ ಅಲೆಕ್ಸಾಂಡ್ರಿಯಾಗೆ ‘ಸ್ಕೋಷಿಯಾ ಪ್ರಿನ್ಸ್’ ಹಡಗು, ಟ್ರಿಪೋಲಿಯಿಂದ ಏರ್ ಇಂಡಿಯಾ ವಿಮಾನಗಳು. ನೌಕಾಪಡೆಯ ‘ಜಲಾಶ್ವ’ದ ಜೊತೆ ಹೊರಟ ಯುದ್ಧನೌಕೆಯ ಹೆಸರು ‘ಮೈಸೂರು’. 15,000ಕ್ಕೂ ಹೆಚ್ಚು ಮಂದಿ ಮರಳಿದರು. ಮರಳಲು ಒಪ್ಪದ ನರ್ಸ್‌ಗಳೂ ಇದ್ದರು. ವಾರ್ಡಿನಲ್ಲಿ ಗಾಯಾಳುಗಳು ಮಲಗಿದ್ದರು, ಊರಿನಲ್ಲಿ ಸಾಲ ಕಾಯುತ್ತಿತ್ತು. ಆ ಎರಡು ಕಾರಣಗಳಲ್ಲಿ ಯಾವುದು ದೊಡ್ಡದು ಎಂದು ತೂಗಿ ನೋಡುವುದು ನಮ್ಮ ಕೆಲಸವಲ್ಲ.

ಬಾಂಗ್ಲಾದೇಶದ ಕೂಲಿಗಳಿಗೆ ಹಾಗೆ ಹಡಗು ಬರಲಿಲ್ಲ. ಎಷ್ಟೋ ಜನರ ಪಾಸ್‌ಪೋರ್ಟ್ ಮಾಲೀಕರ ಕಪಾಟಿನಲ್ಲೇ ಉಳಿದಿತ್ತು. ಮಾಲೀಕರು ಮೊದಲೇ ವಿಮಾನ ಹತ್ತಿದ್ದರು. ಗಡಿಯ ಬಯಲಲ್ಲಿ, ಫೆಬ್ರವರಿಯ ಚಳಿಯಲ್ಲಿ ದಿನಗಟ್ಟಲೆ ಮಲಗಿದವರನ್ನು ಕೊನೆಗೆ ಅಂತರರಾಷ್ಟ್ರೀಯ ವಲಸೆ ಸಂಸ್ಥೆ ಊರಿಗೆ ಮುಟ್ಟಿಸಿತು.

ಅಲ್ಲಿಯವರೆಗೆ ಅವರ ಹೊಟ್ಟೆ ನೋಡಿದವರು ಟ್ಯುನೀಷಿಯಾದ ಜನ. ನಮ್ಮ ಭಾಷೆಯಲ್ಲಿ ‘ನೆರೆ’ ಎಂದರೆ ಪಕ್ಕದವರು, ‘ನೆರೆ’ ಎಂದರೆ ಪ್ರವಾಹವೂ ಹೌದು. ರಾಸ್ ಅಜ್ದೀರ್‌ನಲ್ಲಿ ಎರಡೂ ಎದುರುಬದುರಾದವು. ಆ ವಾರ ಟ್ಯುನೀಷಿಯಾದಲ್ಲಿ ಹೇಳಿಕೊಳ್ಳುವಂಥ ಸರ್ಕಾರವೂ ಇರಲಿಲ್ಲ. ಫೆಬ್ರವರಿ 27ಕ್ಕೆ ಪ್ರಧಾನಿ ಘನ್ನೂಶಿ ಪ್ರತಿಭಟನೆಗೆ ಮಣಿದು ರಾಜೀನಾಮೆ ಕೊಟ್ಟಿದ್ದರು. ಆದರೂ ಬೇರೆ ಬೇರೆ ಊರುಗಳಿಂದ ಜನ ತಮ್ಮ ಗಾಡಿಗಳಲ್ಲಿ ರೊಟ್ಟಿ, ನೀರು, ಕಂಬಳಿ, ಔಷಧಿ ತುಂಬಿಕೊಂಡು ದಕ್ಷಿಣಕ್ಕೆ ಬಂದರು. ಮುಂದೆ ಏಪ್ರಿಲ್‌ನಲ್ಲಿ ನಫೂಸಾ ಬೆಟ್ಟಗಳ ಲಿಬಿಯನ್ ಕುಟುಂಬಗಳು ದೆಹಿಬಾ ಎಂಬ ಇನ್ನೊಂದು ಗಡಿದಾರಿಯಾಗಿ ಓಡಿಬಂದಾಗ, ಅವರಲ್ಲಿ ಹೆಚ್ಚಿನವರು ಡೇರೆಯಲ್ಲಿ ಉಳಿಯಲಿಲ್ಲ. ತತಾವಿನ್, ರೆಮಾದಾ ಕಡೆಯ ಬಡ ಮನೆಗಳು ಅವರಿಗೆ ಕೋಣೆ ಬಿಟ್ಟುಕೊಟ್ಟವು. ಅತಿಥಿ ಸತ್ಕಾರ ಎಂದು ಇದನ್ನು ಹೊಗಳಿ ಮುಂದೆ ಹೋಗುವುದು ಸುಲಭ. ನನಗೆ ಕಾಣುವುದು ಬೇರೆ: ಕೆಲವೇ ತಿಂಗಳ ಹಿಂದೆ ತಾವೇ ಪೊಲೀಸರ ಗುಂಡಿಗೆ ಎದೆ ಕೊಟ್ಟಿದ್ದವರಿಗೆ, ಗೇಟಿನಾಚೆ ನಿಂತವರ ಭಯ ಏನೆಂದು ಯಾರೂ ವಿವರಿಸಬೇಕಿರಲಿಲ್ಲ.

ಸಮುದ್ರದಾಚೆಯ ನೆರೆಯವರನ್ನೂ ನೋಡಿ. ಇಟಲಿಯ ಪ್ರಧಾನಿ ಬೆರ್ಲುಸ್ಕೋನಿ 2008ರಲ್ಲಿ ಗಡಾಫಿಯ ಜೊತೆ ಸ್ನೇಹ ಒಪ್ಪಂದ ಮಾಡಿಕೊಂಡಿದ್ದವರು. ಬೆಂಗಾಜಿಯಲ್ಲಿ ಹೆಣಗಳು ಬೀಳುತ್ತಿದ್ದಾಗ, ಗಡಾಫಿಗೆ ಫೋನ್ ಮಾಡಿದಿರಾ ಎಂದು ಕೇಳಿದರೆ, ಪರಿಸ್ಥಿತಿ ಇನ್ನೂ ಬದಲಾಗುತ್ತಿದೆ, ಯಾರಿಗೂ ತೊಂದರೆ ಕೊಡುವುದಿಲ್ಲ ಎಂಬರ್ಥದ ಉತ್ತರ ಕೊಟ್ಟರು. ಅದಾಗಿ ಎರಡು ದಿನಕ್ಕೆ, ಫೆಬ್ರವರಿ 21ರಂದು, ಪುಟ್ಟ ಮಾಲ್ಟಾದಲ್ಲಿ ಎರಡು ಲಿಬಿಯನ್ ಮಿರಾಜ್ ಯುದ್ಧವಿಮಾನಗಳು ಇಳಿದವು. ಬೆಂಗಾಜಿಯ ಜನರ ಮೇಲೆ ಬಾಂಬ್ ಹಾಕು ಎಂದ ಆದೇಶ ಪಾಲಿಸಲಾರೆವು ಎಂದು ಪೈಲಟ್‌ಗಳು ಹೇಳಿದರು. ಮಾಲ್ಟಾ ವಿಮಾನಗಳನ್ನು ಗಡಾಫಿಗೆ ವಾಪಸ್ ಕೊಡಲಿಲ್ಲ.

ಈಗ ನನಗೆ ಅತ್ಯಂತ ಕಷ್ಟದ ಭಾಗ. ಗಡಾಫಿ ಆಫ್ರಿಕಾದ ಬಾಡಿಗೆ ಸೈನಿಕರನ್ನು ತರಿಸಿದ್ದಾನೆ ಎಂಬ ಸುದ್ದಿ ಕಾಳ್ಗಿಚ್ಚಿನಂತೆ ಹಬ್ಬಿತು. ಅದರಲ್ಲಿ ಸ್ವಲ್ಪ ನಿಜವಿತ್ತು. ಆದರೆ ಬಲಿಯಾದವರು ಕಪ್ಪು ಮೈಬಣ್ಣದ ಕೂಲಿಗಳೆಲ್ಲ. ಸ್ವಾತಂತ್ರ್ಯಕ್ಕಾಗಿ ಎದ್ದ ಜನರೇ ಚಾಡ್, ಸುಡಾನಿನ ಕಾರ್ಮಿಕರನ್ನು ಹೊಡೆದರು, ಕೂಡಿಹಾಕಿದರು. ಆಗಸ್ಟ್‌ನಲ್ಲಿ ಬಂಡಾಯಗಾರರ ಕೈಯಲ್ಲಿದ್ದ ಮಿಸ್ರಾತಾ ನಗರದ ಪಡೆಗಳು ತವೆರ್ಘಾ ಎಂಬ ಇಡೀ ಪಟ್ಟಣವನ್ನು ಖಾಲಿ ಮಾಡಿಸಿದವು. ಅಲ್ಲಿಯವರು ಲಿಬಿಯನ್ ಪ್ರಜೆಗಳೇ, ಕಪ್ಪು ಲಿಬಿಯನ್ನರು. ಆ ಊರಿನಿಂದ ಮಿಸ್ರಾತಾ ಮೇಲೆ ದಾಳಿಗಳಾಗಿದ್ದವು ನಿಜ, ಆದರೆ ಶಿಕ್ಷೆ ತೊಟ್ಟಿಲ ಕೂಸಿಗೂ ಬಿತ್ತು. ಬಂಡಾಯದ ಪಕ್ಷ ವಹಿಸುವ ನನ್ನಂಥವರು ಇದನ್ನು ಅಡಿಟಿಪ್ಪಣಿಗೆ ತಳ್ಳಬಾರದು.

ಮಾರ್ಚ್ ಕೊನೆಗೆ ಟ್ರಿಪೋಲಿಯಿಂದ 72 ಆಫ್ರಿಕನ್ನರನ್ನು ತುಂಬಿಕೊಂಡು ಒಂದು ರಬ್ಬರ್ ದೋಣಿ ಇಟಲಿಯತ್ತ ಹೊರಟಿತು. ಇಂಧನ ಮುಗಿಯಿತು. ನ್ಯಾಟೋ ಯುದ್ಧನೌಕೆಗಳು ತುಂಬಿದ್ದ ಅದೇ ಸಮುದ್ರದಲ್ಲಿ ದೋಣಿ ಎರಡು ವಾರ ತೇಲಿತು. ಸಹಾಯದ ಕರೆ ಹೋಗಿತ್ತು. ಹೆಲಿಕಾಪ್ಟರ್ ಒಂದು ನೀರು, ಬಿಸ್ಕತ್ತು ಇಳಿಸಿ ಹೊರಟುಹೋಯಿತು. ದೋಣಿ ಮತ್ತೆ ಲಿಬಿಯಾ ದಡಕ್ಕೇ ಬಂದು ಬಿತ್ತು. ಕೊನೆಗೆ ಬದುಕಿ ಉಳಿದವರು ಒಂಬತ್ತು ಮಂದಿ. ನಾಗರಿಕರ ರಕ್ಷಣೆಗೆಂದು ಆ ನೌಕೆಗಳಿಗೆ ಅನುಮತಿ ಕೊಟ್ಟ ಮಾರ್ಚ್ 17ರ ಭದ್ರತಾ ಮಂಡಳಿ ನಿರ್ಣಯದಲ್ಲಿ ಭಾರತ ಮತ ಹಾಕದೆ ಉಳಿದಿತ್ತು. ಅದು ಸರಿಯೋ ತಪ್ಪೋ ಎಂದು ನಾವು ಇಲ್ಲಿ ಇನ್ನೂ ವಾದ ಮಾಡಬಹುದು. ಆ 63 ಮಂದಿ ಯಾರ ಲೆಕ್ಕದ ನಾಗರಿಕರು ಎಂದು ಮಾತ್ರ ಯಾರೂ ಉತ್ತರ ಕೊಡಲಿಲ್ಲ.

ಗಡಾಫಿ ಅಕ್ಟೋಬರ್ 20ರಂದು ಸಿರ್ತ್‌ನಲ್ಲಿ ಸತ್ತ. ಕೆಲಸಕ್ಕಾಗಿ ಜನ ಮತ್ತೆ ಲಿಬಿಯಾಗೆ ಹೋದರು, ನಮ್ಮವರೂ ಹೋದರು. 2015ರ ಜುಲೈನಲ್ಲಿ ಅದೇ ಸಿರ್ತ್ ಬಳಿ ಇಸ್ಲಾಮಿಕ್ ಸ್ಟೇಟ್ (ಐಎಸ್) ಉಗ್ರರು ಹಿಡಿದ ನಾಲ್ವರು ಭಾರತೀಯ ಅಧ್ಯಾಪಕರಲ್ಲಿ ಇಬ್ಬರು ಕರ್ನಾಟಕದವರು. ಅವರಿಬ್ಬರು ಎರಡು ದಿನದಲ್ಲಿ ಬಿಡುಗಡೆಯಾದರು. ಉಳಿದಿಬ್ಬರು ಹೊರಬರಲು ವರ್ಷ ಕಳೆಯಿತು.

ಇತ್ತ ರಾಸ್ ಅಜ್ದೀರ್‌ನಿಂದ ಕೆಲವೇ ಕಿಲೋಮೀಟರ್ ಈಚೆ ಶೂಶಾ ಎಂಬ ಶಿಬಿರ ಎದ್ದಿತ್ತು. ಎರಿಟ್ರಿಯಾ, ಸೊಮಾಲಿಯಾ, ಸುಡಾನಿನಂಥ ದೇಶಗಳ, ವಾಪಸ್ ಹೋಗಲು ಊರೇ ಇಲ್ಲದವರು ಅಲ್ಲಿ ಉಳಿದರು. 2011ರ ಮೇ ತಿಂಗಳಲ್ಲಿ ಬೆಂಕಿ ಬಿದ್ದು ನಾಲ್ವರು ಸತ್ತರು. ಶಿಬಿರದವರು ರಸ್ತೆ ತಡೆದರು. ಗಡಿ ವ್ಯಾಪಾರವನ್ನೇ ನೆಚ್ಚಿ ಬದುಕುವ ಬೆನ್ ಗರ್ದಾನ್ ಕಡೆಯ ಜನ ಅವರ ಮೇಲೆ ತಿರುಗಿಬಿದ್ದರು, ಡೇರೆಗಳು ಸುಟ್ಟವು. ಫೆಬ್ರವರಿಯಲ್ಲಿ ರೊಟ್ಟಿ ತಂದುಕೊಟ್ಟ ಪ್ರದೇಶವೇ ಅದು. 2013ರ ಜೂನ್‌ನಲ್ಲಿ ಶಿಬಿರ ಮುಚ್ಚಿತೆಂದು ಘೋಷಿಸಿ ನೀರು, ಕರೆಂಟು ನಿಲ್ಲಿಸಿದರು. ಆದರೂ ನಿರಾಶ್ರಿತರ ಪಟ್ಟಿಗೆ ಸೇರದ ಕೆಲವರು ಹೋಗಲಿಲ್ಲ. ಹರಿದ ಡೇರೆಗಳಲ್ಲಿ, ಹೆದ್ದಾರಿಯಲ್ಲಿ ಹೋಗುವ ವಾಹನಗಳನ್ನು ನಿಲ್ಲಿಸಿ ನೀರು ಕೇಳುತ್ತ, 2017ರವರೆಗೆ ಅಲ್ಲೇ ಇದ್ದರು.