ಧೂಳು ಕುಡಿದವರಿಗೆ ರೈಲು ಸಿಗುತ್ತಾ?

ನಮಸ್ಕಾರ. ಇವತ್ತಿನ ವ್ಲಾಗ್‌ನಲ್ಲಿ ರೈಲು ಕಡಿಮೆ, ಬೀದಿ ಜಾಸ್ತಿ. ಹೊಸ ಮಾರ್ಗದ ವಿಡಿಯೋ ಅಂದ್ರೆ ಉದ್ಘಾಟನೆ, ಹೊಳೆಯೋ ಬೋಗಿ, ಎಷ್ಟು ನಿಮಿಷ ಉಳೀತು ಅನ್ನೋ ಲೆಕ್ಕ, ಇಷ್ಟೇ ಇರುತ್ತೆ. ನಾನು ಕ್ಯಾಮೆರಾನ ಪಕ್ಕಕ್ಕೆ ತಿರುಗಿಸ್ತಿದ್ದೀನಿ. ಮಾರ್ಗ ಹಾದುಹೋದ ಬಡಾವಣೆಯಲ್ಲಿ ಮೊದಲಿಂದ ಇದ್ದವರು ಏನಾದ್ರು? ವರ್ಷಗಟ್ಟಲೆ ಧೂಳು ಕುಡಿದವರು ರೈಲು ಓಡೋ ಹೊತ್ತಿಗೆ ಅಲ್ಲೇ ಇದ್ರಾ? ಯಾವ ಯೋಜನೆ ಬಗ್ಗೆ ಓದಿದ್ರೂ ನಾನು ಮೊದಲು ಹುಡುಕೋದು ಈ ಉತ್ತರವನ್ನ.

ಇಲ್ಲೊಂದು ಮಾತು ಹೇಳಿ ಮುಂದೆ ಹೋಗ್ತೀನಿ. ನಾನು ಸಾರ್ವಜನಿಕ ಸಾರಿಗೆಯ ಪರ, ಪೂರ್ತಿ ಪರ. ಸ್ವಂತ ಗಾಡಿ ಇಲ್ಲದವರಿಗೆ ಕೆಲಸ, ಆಸ್ಪತ್ರೆ, ಕಾಲೇಜು ಎಲ್ಲಾ ಕೈಗೆಟುಕೋದು ಬಸ್ಸು, ರೈಲಿನಿಂದಲೇ. ಅದಕ್ಕೇ ಹೊಟ್ಟೆ ಉರಿಯೋದು, ಯಾರಿಗೆ ರೈಲು ಎಲ್ಲರಿಗಿಂತ ಹೆಚ್ಚು ಬೇಕೋ ಅವರನ್ನೇ ರೈಲು ಆಚೆಗೆ ತಳ್ಳಿದಾಗ.

ಒಂದು ಬಡಾವಣೆಗೆ ಮೆಟ್ರೋ ಬರುತ್ತೆ ಅಂತ ಸುದ್ದಿ ಆಯ್ತು ಅಂದ್ಕೊಳ್ಳಿ. ಅವತ್ತು ಸಂಜೆ ಸ್ವಂತ ಮನೆ ಇರೋರು, 'ನಮ್ಮ ಜಾಗಕ್ಕೆ ಇನ್ನು ಒಳ್ಳೇ ಬೆಲೆ' ಅಂತಾರೆ. ಅದೇ ಕಟ್ಟಡದ ಮಹಡಿಯಲ್ಲಿ ಬಾಡಿಗೆಗಿರೋರು, 'ಇನ್ನೆಷ್ಟು ದಿನ ಇಲ್ಲಿ ಇರೋಕಾಗುತ್ತೋ' ಅಂತಾರೆ. ಜಮೀನಿನ ಬೆಲೆ ಏರೋಕೆ ರೈಲು ಓಡಬೇಕು ಅಂತೇನಿಲ್ಲ, ನಕ್ಷೆ ಮೇಲೆ ಗೆರೆ ಬಿದ್ರೆ ಸಾಕು. ಪ್ರಯಾಣದಲ್ಲಿ ಉಳಿಯೋ ಸಮಯಕ್ಕೆ ಒಂದು ಬೆಲೆ ಇದೆ. ಅದು ನಿಲ್ದಾಣದ ಸುತ್ತಮುತ್ತಲ ಮಣ್ಣಿಗೆ ಇಳಿಯುತ್ತೆ, ಮಣ್ಣು ಯಾರದ್ದೋ ಅವರ ಜೇಬಿಗೆ ಸೇರುತ್ತೆ. ಮಾರ್ಗ ಕಟ್ಟಿದ್ದು ಎಲ್ಲರ ತೆರಿಗೆ ದುಡ್ಡಲ್ಲಿ. ಏರಿದ ಬೆಲೆ ಮಾತ್ರ ಕೆಲವರದ್ದು, ಏರಿದ ಬಾಡಿಗೆ ಉಳಿದವರದ್ದು.

ಇದು ನಿನ್ನೆ ಮೊನ್ನೆಯ ಕಥೆಯಲ್ಲ. ಜಗತ್ತಿನ ಮೊದಲ ಸುರಂಗ ರೈಲು, ಲಂಡನ್ನಿನ ಮೆಟ್ರೋಪಾಲಿಟನ್ ರೈಲ್ವೆ, 1863ರ ಜನವರಿ 10ಕ್ಕೆ ಪ್ರಯಾಣಿಕರಿಗೆ ತೆರೆದುಕೊಳ್ತು. ಪ್ಯಾಡಿಂಗ್ಟನ್‌ನಿಂದ ಫ್ಯಾರಿಂಗ್ಡನ್‌ವರೆಗೆ, ಆರು ಕಿಲೋಮೀಟರಿನಷ್ಟು. ಆಗ ಸುರಂಗ ಅಂದ್ರೆ ರಸ್ತೆಯನ್ನೇ ಬಗೆದು, ಹಳಿ ಹಾಕಿ, ಮೇಲೆ ಮುಚ್ಚೋದು. ರಸ್ತೆ ಮುಗಿದ ಕಡೆ ಮನೆಗಳನ್ನ ಒಡೆಯಬೇಕು. ಫ್ಲೀಟ್ ಕಣಿವೆಯಲ್ಲಿ ಒಡೆದದ್ದು ಬಡವರ ಒತ್ತೊತ್ತಾದ ಮನೆಗಳನ್ನ. ಅಲ್ಲಿ ಜಾಗ ಅಗ್ಗ, ವಿರೋಧಿಸೋ ಶಕ್ತಿಯೂ ಜನಕ್ಕೆ ಕಡಿಮೆ. ಪರಿಹಾರ ಹೋಗಿದ್ದು ಮನೆ ಮಾಲೀಕರಿಗೆ. ವಾರದ ಬಾಡಿಗೆ ಕೊಟ್ಟು ಇದ್ದವರಿಗೆ ಹೆಚ್ಚುಕಡಿಮೆ ಏನೂ ಸಿಗಲಿಲ್ಲ. ಹಾಗಂತ ಅವರು ಊರಾಚೆಗೂ ಹೋಗೋ ಹಾಗಿರಲಿಲ್ಲ, ಕೆಲಸ ಇದ್ದದ್ದು ನಗರದ ಒಳಗೆ, ದಿನಾ ಓಡಾಡೋಕೆ ಟಿಕೆಟ್ ಕೊಳ್ಳೋ ಶಕ್ತಿ ಇಲ್ಲ. ಪಕ್ಕದ ಓಣಿಗಳಲ್ಲೇ ಇನ್ನಷ್ಟು ಇಕ್ಕಟ್ಟಾಗಿ ತುಂಬಿಕೊಂಡ್ರು.

ಆಮೇಲೆ ನಡೆದದ್ದು ನನಗೆ ಬಹಳ ಮುಖ್ಯ ಅನ್ಸುತ್ತೆ. ಗ್ರೇಟ್ ಈಸ್ಟರ್ನ್ ಅನ್ನೋ ಇನ್ನೊಂದು ರೈಲ್ವೆ ಕಂಪನಿ ನಗರದೊಳಗೆ ಬರೋಕೆ ಅನುಮತಿ ಕೇಳಿದಾಗ, 1864ರ ಕಾಯ್ದೆಯಲ್ಲಿ ಬ್ರಿಟಿಷ್ ಸಂಸತ್ತು ಒಂದು ಷರತ್ತು ಸೇರಿಸ್ತು: ಕಾರ್ಮಿಕರಿಗೆ ಅಗ್ಗದ ದರದ ರೈಲು ಓಡಿಸಲೇಬೇಕು. 1883ರಲ್ಲಿ ಇಂಥ ಅಗ್ಗದ ರೈಲುಗಳಿಗೇ ಅಂತ ಪ್ರತ್ಯೇಕ ಕಾಯ್ದೆ ಬಂತು. ಆ ರೈಲು ಹೋದ ಎಡ್ಮಂಟನ್, ವಾಲ್ಥಮ್‌ಸ್ಟೋ ಕಡೆ ಕಾರ್ಮಿಕರ ಬಡಾವಣೆಗಳು ಬೆಳೆದ್ವು. ಹಳಿ ಎಲ್ಲಾ ಕಡೆ ಇತ್ತು. ಬಡವ ಎಲ್ಲಿ ಬದುಕಬಹುದು ಅಂತ ಗೊತ್ತುಮಾಡಿದ್ದು ಟಿಕೆಟ್ ದರ.

ಈಗ ಕಾಮಗಾರಿ ನಡೆಯೋ ವರ್ಷಗಳಿಗೆ ಬರೋಣ. ಯಾವ ಊರಲ್ಲೇ ಆಗಲಿ, ಅಗೆದ ಬೀದಿಯ ನೋಟ ಒಂದೇ. ಅಂಗಡಿ ಮುಂದೆ ಆಳೆತ್ತರದ ತಗಡಿನ ಬ್ಯಾರಿಕೇಡ್. ಅದಕ್ಕೂ ಅಂಗಡಿಗೂ ನಡುವೆ ಇಬ್ಬರು ಎದುರುಬದುರು ಬಂದ್ರೆ ಒಬ್ಬರು ಗೋಡೆಗೆ ಒರಗಿ ನಿಲ್ಲೋವಷ್ಟು ಜಾಗ. ಬ್ಯಾರಿಕೇಡಿಗೆ ತಂತಿ ಕಟ್ಟಿ ನೇತುಹಾಕಿದ ಬ್ಯಾನರು: 'ಅಂಗಡಿ ತೆರೆದಿದೆ'. ಅದರ ಮೇಲೂ ಧೂಳು, ಅಕ್ಷರ ಅರ್ಧ ಕಾಣುತ್ತೆ ಅರ್ಧ ಕಾಣಲ್ಲ. ಬಸ್ ಸ್ಟಾಪು ಮುಂದಿನ ತಿರುವಿಗೆ ಹೋಗಿದೆ. ಸರಕಿನ ಗಾಡಿ ನಿಲ್ಲೋಕೆ ಜಾಗವಿಲ್ಲ, ಹುಡುಗರು ಡಬ್ಬಗಳನ್ನ ತಲೆ ಮೇಲೆ ಹೊತ್ತು ತರ್ತಾರೆ. ಮಾಲೀಕ ಬೆಳಿಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ, ಮತ್ತೆ ಸಂಜೆ ಒಂದು ಸಲ ಗಾಜು ಒರೆಸ್ತಾನೆ. ಗಿರಾಕಿ ಕೋಪ ಮಾಡ್ಕೊಂಡು ಹೋಗಿಲ್ಲ, ಬೇರೆ ಕಡೆ ಅಭ್ಯಾಸ ಆಗಿಬಿಟ್ಟಿದ್ದಾರೆ. ಬ್ಯಾರಿಕೇಡ್ ಒಂದು ದಿನ ತೆಗೀತಾರೆ. ಹೋದ ಗಿರಾಕಿನ ವಾಪಸ್ ಕರೆಸೋದು ಯಾರ ಗುತ್ತಿಗೆಯಲ್ಲೂ ಬರೆದಿರಲ್ಲ.

ಕೆನಡಾದ ವ್ಯಾಂಕೂವರ್‌ನ ಕ್ಯಾಂಬಿ ಸ್ಟ್ರೀಟ್ ಇದಕ್ಕೆ ಒಂದು ದೊಡ್ಡ ಪಾಠ. ಅಲ್ಲಿ ಕೆನಡಾ ಲೈನ್ ಮಾರ್ಗಕ್ಕೆ ಯಂತ್ರದಿಂದ ನೆಲದಡಿ ಸುರಂಗ ಕೊರೀತಾರೆ ಅಂತ ಅಂಗಡಿಯವರು ನಂಬಿಕೊಂಡಿದ್ರು. ಹಾಗೆ ಕೊರೆದಿದ್ರೆ ನಿಲ್ದಾಣ ಬರೋ ಕಡೆ ಮಾತ್ರ ರಸ್ತೆ ಅಗೆದರೆ ಸಾಕಿತ್ತು. ಆದ್ರೆ ಗುತ್ತಿಗೆ ಪಡೆದವರು ಬೀದಿ ಉದ್ದಕ್ಕೂ ಅಗೆದು ಮುಚ್ಚೋ ವಿಧಾನ ಆರಿಸಿಕೊಂಡ್ರು, ಯಾಕಂದ್ರೆ ಅದು ಅಗ್ಗ. 2010ರ ಚಳಿಗಾಲದ ಒಲಿಂಪಿಕ್ಸ್‌ಗೆ ಮುಂಚೆ, 2009ರ ಆಗಸ್ಟ್‌ನಲ್ಲಿ ರೈಲು ಓಡ್ತು. ಅಷ್ಟರಲ್ಲಿ ಎಷ್ಟೋ ಸಣ್ಣ ಅಂಗಡಿಗಳು ಬಾಗಿಲು ಹಾಕಿದ್ವು. ಒಬ್ಬ ಅಂಗಡಿಯಾಕೆ ಕೋರ್ಟಿಗೆ ಹೋದ್ರು. 2009ರಲ್ಲಿ ಅವರಿಗೆ 6 ಲಕ್ಷ ಡಾಲರ್ ಪರಿಹಾರ ಕೊಡಬೇಕು ಅಂತ ತೀರ್ಪು ಬಂತು. 2011ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನ ರದ್ದು ಮಾಡ್ತು.

ಅಗ್ಗ ಅನ್ನೋ ಆ ಪದದ ಹತ್ತಿರ ನಾನು ಪ್ರತಿ ಸಲ ನಿಂತುಬಿಡ್ತೀನಿ. ಯೋಜನೆಯ ಖರ್ಚಿನ ಪಟ್ಟಿಯಲ್ಲಿ ಅದು ಉಳಿತಾಯ ಅಂತ ದಾಖಲಾಗುತ್ತೆ. ಆ ದುಡ್ಡು ಬಂದಿದ್ದು ಎಲ್ಲಿಂದ? ಬೀದಿ ಬದಿಯ ಗಲ್ಲಾಪೆಟ್ಟಿಗೆಗಳಿಂದ. ಫ್ರಾನ್ಸಿನ ಹಲವು ನಗರಗಳಲ್ಲಿ ಟ್ರಾಮ್ ಕಾಮಗಾರಿ ನಡೆಯುವಾಗ ಒಂದು ಸಮಿತಿ ಕೂರುತ್ತೆ. ಅಂಗಡಿಯ ಹಿಂದಿನ ವರ್ಷಗಳ ಲೆಕ್ಕಪುಸ್ತಕ ತರಿಸಿಕೊಂಡು, ಕಾಮಗಾರಿ ಕಾಲದ ವ್ಯಾಪಾರದ ಜೊತೆ ಹೋಲಿಸಿ, ನಷ್ಟ ಕಟ್ಟಿಕೊಡುತ್ತೆ. ಕೋರ್ಟು ಕಚೇರಿ ಅಲೆಯೋ ಅಗತ್ಯ ಇಲ್ಲ. ಅಂದ್ರೆ ಇದು ಆಗದ ಕೆಲಸ ಅಲ್ಲ. ನಷ್ಟವನ್ನ ಯೋಜನೆಯ ಖರ್ಚು ಅಂತ ಮೊದಲೇ ಬರೆದಿಟ್ಟುಕೊಂಡ್ರೆ ಆಗುತ್ತೆ.

ಕ್ಯಾಂಬಿಯ ಕಥೆ ಉದ್ಘಾಟನೆಯಿಂದ ಮುಗಿಯಲಿಲ್ಲ. ಆ ರಸ್ತೆ ಉದ್ದಕ್ಕೂ ಎತ್ತರದ ಕಟ್ಟಡಗಳಿಗೆ ಅವಕಾಶ ಕೊಡೋ ಯೋಜನೆ ಬಂತು. ಅಕ್ಕಪಕ್ಕದ ನಾಲ್ಕೈದು ಮನೆಗಳನ್ನ ಒಟ್ಟಿಗೆ ಕೊಂಡು ಅಪಾರ್ಟ್‌ಮೆಂಟ್ ಕಟ್ಟೋ ವ್ಯವಹಾರ ಶುರುವಾಯ್ತು. ನಿಲ್ದಾಣದ ಹತ್ತಿರ ಹೆಚ್ಚು ಜನ ಬದುಕೋ ಹಾಗಾಗೋದು ಒಳ್ಳೇದೇ, ನಾನು ಅದರ ವಿರುದ್ಧ ಇಲ್ಲ. ರೈಲು ತಂದು ಸುತ್ತ ಮನೆ ಕಟ್ಟಬೇಡಿ ಅನ್ನೋದು ಇನ್ನೂ ದೊಡ್ಡ ತಪ್ಪು, ಇರೋ ಮನೆಗಳ ಬಾಡಿಗೆ ಅದರಿಂದ ಮತ್ತಷ್ಟು ಏರುತ್ತೆ. ಪ್ರಶ್ನೆ ಇರೋದು, ಹೊಸ ಮಹಡಿಗಳಲ್ಲಿ ಯಾರಿಗೆ ಜಾಗ ಅನ್ನೋದರಲ್ಲಿ.

ಇದಕ್ಕಿಂತ ನನ್ನನ್ನ ಹೆಚ್ಚು ಕಾಡೋದು ಅಮೆರಿಕದ ಬಾಸ್ಟನ್. 1960ರ ದಶಕದಲ್ಲಿ ಆ ನಗರದ ಒಳಕ್ಕೆ ಒಂದು ಹೆದ್ದಾರಿ ತರೋಕೆ ಹೊರಟ್ರು. ರಾಕ್ಸ್‌ಬರಿ, ಅಂದ್ರೆ ಕಪ್ಪು ಜನಾಂಗದವರು ಹೆಚ್ಚಾಗಿದ್ದ ಬಡಾವಣೆ, ಅಲ್ಲೂ ಪಕ್ಕದ ಬಡಾವಣೆಗಳಲ್ಲೂ ರಸ್ತೆಗೆ ಅಂತ ಸಾಲು ಸಾಲು ಮನೆ ಕೆಡವಿದ್ರು. ಜನ ತಿರುಗಿಬಿದ್ರು. 1970ರಲ್ಲಿ ಗವರ್ನರ್ ಫ್ರಾನ್ಸಿಸ್ ಸಾರ್ಜೆಂಟ್ ಕೆಲಸ ನಿಲ್ಲಿಸಿದ್ರು, ಹೆದ್ದಾರಿ ಬರಲೇ ಇಲ್ಲ. ಕೆಡವಿದ ಜಾಗದಲ್ಲಿ ತಗ್ಗು ಮಾಡಿ ರೈಲು ಹಾಕಿ, ಅದರ ಉದ್ದಕ್ಕೂ ಉದ್ಯಾನ ಮಾಡಿದ್ರು. 1987ರ ಮೇ ತಿಂಗಳಲ್ಲಿ ಆರೆಂಜ್ ಲೈನ್ ಅನ್ನೋ ಮೆಟ್ರೋ ಈ ಹೊಸ ಹಳಿ ಮೇಲೆ ಶುರುವಾಯ್ತು. ಜನರ ಹೋರಾಟ ಗೆದ್ದ ದೊಡ್ಡ ಉದಾಹರಣೆ ಅಂತ ಇವತ್ತಿಗೂ ಇದನ್ನ ಹೇಳ್ತಾರೆ. ಗೆದ್ದಿದ್ದು ನಿಜ.

ಆದ್ರೆ ಈ ನಕ್ಷೆಯಲ್ಲಿ ವಾಷಿಂಗ್ಟನ್ ಸ್ಟ್ರೀಟ್ ನೋಡಿ. ಹಳೇ ಆರೆಂಜ್ ಲೈನ್ ಆ ಬೀದಿ ಮೇಲೆ ಕಬ್ಬಿಣದ ಕಂಬಗಳ ಮೇಲೆ ಓಡ್ತಿತ್ತು, 1901ರಿಂದ. ಕೆಳಗೆ ಹಗಲಲ್ಲೂ ನೆರಳು, ರೈಲು ಹೋದಾಗಲೆಲ್ಲಾ ಕಿವಿಗಡಚಿಕ್ಕೋ ಸದ್ದು. ಹೊಸದು ಶುರುವಾಗುತ್ತೆ ಅಂತ ಹಳೇದನ್ನ ನಿಲ್ಲಿಸಿ ಬಿಚ್ಚಿಬಿಟ್ರು. ಬೀದಿಗೆ ಬೆಳಕು ಬಂತು, ರೈಲು ಹೋಯ್ತು. ಹೊಸ ಹಳಿ ಇದ್ದದ್ದು ಸುಮಾರು ಒಂದು ಕಿಲೋಮೀಟರ್ ಪಶ್ಚಿಮಕ್ಕೆ. ನಕ್ಷೆಯಲ್ಲಿ ಅದು ಬೆರಳಗಲ. ಮೊಣಕಾಲು ನೋವಿರೋ ಅಜ್ಜಿಗೆ, ಹಿಮ ಬಿದ್ದ ದಿನ, ಕೈಯಲ್ಲಿ ಚೀಲ ಹಿಡಿದು ನಡೆಯೋಕೆ ಅದೆಷ್ಟು ದೂರ ಅಂತ ಯೋಚಿಸಿ. ಹೋಗಿದ್ದಕ್ಕೆ ಸಮನಾದ ಸೇವೆ ಕೊಡ್ತೀವಿ ಅಂತ ಮಾತು ಕೊಟ್ಟಿದ್ರು. ಹದಿನೈದು ವರ್ಷ ಆದಮೇಲೆ, 2002ರಲ್ಲಿ, ಆ ಬೀದಿಗೆ ಬಂದಿದ್ದು ಸಿಲ್ವರ್ ಲೈನ್ ಅನ್ನೋ ಬಸ್ಸು. ರೈಲಿಗೆ ಬದಲು ಬಸ್ಸಾ ಅಂತ ಅಲ್ಲಿನವರು ಕೇಳಿದ್ದು ನ್ಯಾಯವಾಗಿತ್ತು.

ಅಭಿವೃದ್ಧಿ ಅಂದ್ರೆ ಕೆಡವೋದೂ ಇರುತ್ತೆ, ಕೆಡವೋದೂ ಕೆಲವು ಸಲ ಒಳ್ಳೇದು. ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ 2003ರಲ್ಲಿ ಎತ್ತರದ ಹೆದ್ದಾರಿಯೊಂದನ್ನ ಕಿತ್ತುಹಾಕಿ, ಅದರಡಿ ಮುಚ್ಚಿಹೋಗಿದ್ದ ಚಿಯಾಂಗ್‌ಗೇಚಿಯಾನ್ ತೊರೆಯನ್ನ 2005ರ ಹೊತ್ತಿಗೆ ಮತ್ತೆ ಹರಿಸಿದ್ರು. ಅದರ ಫೋಟೋ ಎಲ್ಲರೂ ನೋಡಿರ್ತೀರಿ. ಆ ರಸ್ತೆ ಬದಿ ವ್ಯಾಪಾರ ಮಾಡ್ತಿದ್ದವರಲ್ಲಿ ಅನೇಕರನ್ನ ದೊಂಗ್‌ದೆಮುನ್‌ನ ಹಳೇ ಕ್ರೀಡಾಂಗಣಕ್ಕೆ ಕಳಿಸಿದ್ರು. ಕೆಲವೇ ವರ್ಷದಲ್ಲಿ ಆ ಕ್ರೀಡಾಂಗಣವನ್ನೂ ಕೆಡವಿದ್ರು, 2014ರಲ್ಲಿ ಅಲ್ಲಿ ಜಗತ್ಪ್ರಸಿದ್ಧ ವಿನ್ಯಾಸ ಕೇಂದ್ರ ತೆರೀತು. ತಳ್ಳಿಸಿಕೊಂಡವರನ್ನ ಎರಡನೇ ಸಲ ತಳ್ಳಿದ್ರು. ತೊರೆಯ ಫೋಟೋದಲ್ಲಿ ಅವರು ಇಲ್ಲ.

ಹಾಗಾದ್ರೆ ಸರಿಯಾಗಿ ಮಾಡಿದವರು ಯಾರೂ ಇಲ್ವಾ? ಇದ್ದಾರೆ. ಹಾಂಗ್‌ಕಾಂಗ್‌ನಲ್ಲಿ ಮಾರ್ಗ ಬರೋ ಮುಂಚಿನ ಬೆಲೆಗೆ ನಿಲ್ದಾಣದ ಜಾಗದ ಹಕ್ಕನ್ನ ಸರ್ಕಾರ ರೈಲು ಸಂಸ್ಥೆಗೆ ಕೊಡುತ್ತೆ. ಏರಿದ ಬೆಲೆ ಹೀಗೆ ಮತ್ತೆ ರೈಲಿಗೇ ಬರುತ್ತೆ. ಜಾಣ ಉಪಾಯ. ಆದ್ರೆ ಆ ಕಟ್ಟಡಗಳ ಮನೆಗಳು ಬಹುಪಾಲು ಮಾರುಕಟ್ಟೆ ಬೆಲೆಯವು, ದುಡ್ಡಿದ್ದವರಿಗೆ ಮಾತ್ರ. ಹಾಗಾಗಿ ನನ್ನ ಮನಸ್ಸು ವಾಲೋದು ವಿಯೆನ್ನಾ ಕಡೆಗೆ. ಅಲ್ಲಿ ಜೆಸ್ಟಾಟ್ ಅನ್ನೋ ಹೊಸ ಬಡಾವಣೆಗೆ ಯು2 ಮೆಟ್ರೋ ಬಂದಿದ್ದು 2013ರ ಅಕ್ಟೋಬರ್‌ನಲ್ಲಿ. ಜನ ಅಲ್ಲಿ ವಾಸಕ್ಕೆ ಬರೋಕೆ ಶುರುಮಾಡಿದ್ದು 2014ರಲ್ಲಿ. ಮೊದಲು ರೈಲು, ಆಮೇಲೆ ಮನೆ. ಅಲ್ಲಿ ನಗರವೇ ಮುಂಚಿತವಾಗಿ ಜಮೀನು ಕೊಂಡಿಟ್ಟುಕೊಳ್ಳುತ್ತೆ, ಅದಕ್ಕೇ ಅಂತ 1984ರಿಂದ ಒಂದು ನಿಧಿ ಇದೆ. 2019ರಿಂದ ಇನ್ನೊಂದು ನಿಯಮ: ವಸತಿಗೆ ಅಂತ ಹೊಸದಾಗಿ ಪರಿವರ್ತನೆ ಆಗೋ ದೊಡ್ಡ ಜಮೀನುಗಳಲ್ಲಿ ಮೂರರಲ್ಲಿ ಎರಡು ಪಾಲು ಸಹಾಯಧನದ ಮನೆ ಆಗಬೇಕು. ಬೆಲೆ ಏರೋಕೆ ಮೊದಲೇ ಬೇಲಿ ಹಾಕಿಟ್ಟ ಹಾಗೆ.

ಇಲ್ಲೆಲ್ಲಾ ನನಗೆ ಕಾಣೋದು ಇಷ್ಟು. ಎಲ್ಲಾ ಗಟ್ಟಿ ರಕ್ಷಣೆಗಳೂ ಮಾರ್ಗ ಘೋಷಣೆ ಆಗೋಕೆ ಮುಂಚೆ ಅಥವಾ ಅದರ ಜೊತೆಗೇ ಬಂದಿವೆ. ಲಂಡನ್ನಿನ ಅಗ್ಗದ ಟಿಕೆಟ್ಟು ಅನುಮತಿಯ ಷರತ್ತಲ್ಲೇ ಇತ್ತು. ಬಾಸ್ಟನ್‌ನ ವಾಷಿಂಗ್ಟನ್ ಸ್ಟ್ರೀಟಿಗೆ ಸಿಕ್ಕಿದ್ದು ಆಮೇಲೆ ಕೊಡ್ತೀವಿ ಅನ್ನೋ ಮಾತು.

ನಿಮ್ಮ ಬಡಾವಣೆಗೆ ಇಂಥ ಯೋಜನೆ ಬರ್ತಿದ್ರೆ, ಸಾರ್ವಜನಿಕರ ಸಭೆ ಅಂತ ಒಂದು ಕರೀತಾರೆ, ತಪ್ಪಿಸಬೇಡಿ. ಬಾಧಿತರ ಪಟ್ಟಿ ಕೇಳಿ ಪಡ್ಕೊಳ್ಳಿ. ಅದರಲ್ಲಿ ಆಸ್ತಿ ಮಾಲೀಕರ ಹೆಸರು ಇದ್ದೇ ಇರುತ್ತೆ. ಬಾಡಿಗೆದಾರರು, ಅಂಗಡಿಯಲ್ಲಿ ಕೆಲಸ ಮಾಡೋರು, ಫುಟ್‌ಪಾತ್ ಮೇಲೆ ಕೂತು ವ್ಯಾಪಾರ ಮಾಡೋರು ಇದ್ದಾರಾ ನೋಡಿ. ಇಲ್ಲದಿದ್ರೆ ಲಿಖಿತವಾಗಿ ಆಕ್ಷೇಪಣೆ ಕೊಟ್ಟು, ಅದಕ್ಕೆ ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ಅಗೆಯೋ ವಿಧಾನ ಯಾವುದು, ಅದನ್ನ ನಡುವೆ ಬದಲಾಯಿಸಿದ್ರೆ ಮತ್ತೆ ಸಭೆ ಕರೀತೀರಾ ಅಂತ ಕೇಳಿ. ಈಗಿರೋ ಬಸ್ಸುಗಳನ್ನ ನಿಲ್ಲಿಸ್ತಾರಾ ಅಂತಲೂ ಕೇಳಿ. ಏನು ಉತ್ತರ ಸಿಕ್ತು ಅಂತ ಕೆಳಗೆ ಕಾಮೆಂಟಲ್ಲಿ ಬರೀರಿ, ಒಂದೊಂದನ್ನೂ ಓದ್ತೀನಿ.