ಗಾರೆಗೆ ಮೊದಲು ಒಂದು ಖಾಲಿ ಪೈಪು

ಕೇಳುಗರಿಗೆಲ್ಲ ನಮಸ್ಕಾರ. ಮೈಸೂರು, ಮಂಡ್ಯ ಕಡೆ ಈಗ ಯಾರು ಮನೆ ಕಟ್ಟಿಸುತ್ತಿದ್ದೀರೋ, ಸ್ವಲ್ಪ ರೇಡಿಯೋ ಹತ್ತಿರ ಬನ್ನಿ. ಗೋಡೆ ಎದ್ದಿದೆ, ಗಾರೆ ಇನ್ನೂ ಆಗಿಲ್ಲ ಅನ್ನುವವರಂತೂ ಖಂಡಿತ ಬನ್ನಿ. ನಾನು ಹೇಳಬೇಕಾದ್ದು ಒಂದೇ ಮಾತು. ಗಾರೆಯವರು ಬರುವ ಮೊದಲು ಇಂಟರ್‌ನೆಟ್ ಕೇಬಲ್‌ಗೆ ಅಂತಲೇ ಒಂದು ಬೇರೆ ಪೈಪು ಹಾಕಿಸಿ. ಕೇಬಲ್ ಆಮೇಲೆ ತಂದರೂ ನಡೆಯುತ್ತದೆ. ಪೈಪು ಮಾತ್ರ ಈಗಲೇ ಹೋಗಬೇಕು.

"ವೈಫೈ ಇದೆಯಲ್ಲ ಸಾರ್, ತಂತಿ ಯಾಕೆ?" ಅಂತ ಎಲ್ಲರೂ ಕೇಳುತ್ತಾರೆ. ವೈಫೈ ಅನ್ನುವುದು ರೇಡಿಯೋ ಅಲೆ. ಒಂಬತ್ತು ಇಂಚಿನ ಇಟ್ಟಿಗೆ ಗೋಡೆ ದಾಟುವಾಗ ಸೊರಗುತ್ತದೆ. ಕಂಬಿ ಕಟ್ಟಿ ಕಾಂಕ್ರೀಟ್ ಹಾಕಿದ ಸೂರು, ಅಂದರೆ ಮೋಲ್ಡು, ದಾಟುವಾಗ ಇನ್ನೂ ಸೊರಗುತ್ತದೆ. ಅದೇ ಮೇಲಿನ ಮಹಡಿಗೆ ಕ್ಯಾಟ್ ಸಿಕ್ಸ್ ಅನ್ನುವ ಒಂದು ಇಂಟರ್‌ನೆಟ್ ಕೇಬಲ್ ಹೋಗಿ, ಅಲ್ಲೊಂದು ವೈಫೈ ಪೆಟ್ಟಿಗೆ ಕೂತರೆ ಮುಗಿಯಿತು. ಈ ಕೇಬಲ್ 100 ಮೀಟರ್ ದೂರಕ್ಕೂ ಸೆಕೆಂಡಿಗೆ 1 ಗಿಗಾಬಿಟ್ ಸಾಗಿಸುತ್ತದೆ. ನಮ್ಮ 30-40ರ ಸೈಟಿನ ಮನೆಯಲ್ಲಿ ಎಷ್ಟು ಸುತ್ತಿಸಿ ಎಳೆದರೂ ಅಷ್ಟು ಉದ್ದ ಆಗುವುದಿಲ್ಲ.

ಕುವೆಂಪುನಗರದ ಒಂದು ಮನೆ ವಿಷಯ ಹೇಳಲೇಬೇಕು. ರಿಟೈರ್ ಆದ ಮೇಷ್ಟ್ರು, ಅವರ ಮಗ ಬೆಂಗಳೂರಿನ ಕಂಪನಿಗೆ ಮನೆಯಿಂದಲೇ ಕೆಲಸ ಮಾಡುತ್ತಾನೆ. ರೂಮು ಮಹಡಿ ಮೇಲಿದೆ, ಆದರೆ ಸಿಗ್ನಲ್ ಬರುವುದು ಮೆಟ್ಟಿಲ ತಿರುವಿನಲ್ಲಿ ಮಾತ್ರ. ಪಾಪ, ಆ ಹುಡುಗ ಮೆಟ್ಟಿಲ ಮೇಲೇ ಲ್ಯಾಪ್‌ಟಾಪ್ ಇಟ್ಟುಕೊಂಡು ಮೀಟಿಂಗ್ ಮುಗಿಸುತ್ತಿದ್ದ. ಹಾಲಿನಿಂದ ಮೇಲಿನವರೆಗೆ ಗೋಡೆ ಕೊರೆಯಬೇಕು ಅಂತ ಯಾರೋ ಹೇಳಿಹೋಗಿದ್ದರು. ಆಗಷ್ಟೇ ಪೈಂಟ್ ಆಗಿದ್ದ ಮನೆ. ಮೇಷ್ಟ್ರ ಮನೆಯವರು ಒಪ್ಪಲಿಲ್ಲ.

ನಾನು ಹೋಗಿ ಮೊದಲು ಹುಡುಕಿದ್ದು ಹಳೇ ಲ್ಯಾಂಡ್‌ಲೈನ್ ಫೋನಿನ ಜಾಗ. ಶೋಕೇಸ್ ಹಿಂದೆ ಒಂದು ಪುಟ್ಟ ಬಿಳಿ ಡಬ್ಬಿ ಇತ್ತು. ಸ್ಕ್ರೂ ಬಿಚ್ಚಿದರೆ ಒಳಗೆ ಪೈಪಿನ ಬಾಯಿ, ಅದರಿಂದ ಹೊರಗೆ ಬಂದ ಸಣ್ಣ ಟೆಲಿಫೋನ್ ತಂತಿ. ಮೇಲೆ ಬೀರು ಸರಿಸಿ ನೋಡಿದರೆ ಅಲ್ಲೂ ಅಂಥದ್ದೇ ಡಬ್ಬಿ. ಕೆಳಗೆ ತಂತಿ ಜಗ್ಗಿದೆವು, ಮೇಲೆ ಅಲ್ಲಾಡಿತು! ಅಷ್ಟೇ ಬೇಕಿತ್ತು ನನಗೆ.

ಹಳೇ ತಂತಿಗೆ ನೇರವಾಗಿ ಕೇಬಲ್ ಕಟ್ಟಬಾರದು. ಒಳಗೇ ತುಂಡಾದರೆ ದಾರಿಯೇ ಹೋಯಿತು. ಮೊದಲು ತಂತಿಗೆ ನೈಲಾನ್ ಹಗ್ಗ ಕಟ್ಟಿ ಎಳೆದೆವು. ಆಮೇಲೆ ಹಗ್ಗಕ್ಕೆ ಕೇಬಲ್. ಕೇಬಲ್ ತುದಿಯನ್ನು ಚೂಪಾಗಿ ಮಾಡಿ, ಗಂಟು ಎದ್ದು ಕಾಣದ ಹಾಗೆ ಟೇಪ್ ಸುತ್ತಿದೆವು. ಮೆಟ್ಟಿಲ ತಿರುವಿನ ಹತ್ತಿರ ಸಿಕ್ಕಿಕೊಂಡಿತು. ಅಲ್ಲಿ ಜೋರು ಮಾಡಬಾರದು. ಸುಮಾರು 11 ಕೆ.ಜಿ.ಗಿಂತ ಜಾಸ್ತಿ ಜಗ್ಗಿದರೆ ಒಳಗೆ ಹೆಣೆದಿರುವ ನಾಲ್ಕು ಜೋಡಿ ತಂತಿಗಳ ಹುರಿ ಕೆಡುತ್ತದೆ, ವೇಗ ಬೀಳುತ್ತದೆ. ಸ್ವಲ್ಪ ಹಿಂದಕ್ಕೆ ಬಿಟ್ಟು, ಕೇಬಲ್‌ಗೆ ಟಾಲ್ಕಂ ಪೌಡರ್ ಸವರಿದೆವು. ಮೇಲಿನಿಂದ ಮಗ ನಿಧಾನ ಬಿಡುತ್ತಾ ಬಂದ, ಕೆಳಗೆ ನಾನು ಹದವಾಗಿ ಎಳೆದೆ. ಸರ್ರನೆ ಬಂದುಬಿಟ್ಟಿತು. ಒಂದು ಚೂರು ಗಾರೆ ಉದುರಲಿಲ್ಲ. ನೋಡಿ, ಫೋನ್ ಕಾಲದಲ್ಲಿ ಯಾರೋ ಪೈಪು ಹಾಕಿಸಿದ್ದರಿಂದ ತಾನೇ ಇದೆಲ್ಲ ಆಗಿದ್ದು?

ಸಮಯ ಜಾಸ್ತಿ ಉಳಿದಿಲ್ಲ, ಮಿಕ್ಕಿದ್ದನ್ನು ಬೇಗ ಹೇಳುತ್ತೇನೆ. ಪೈಪು 25 ಮಿಲಿಮೀಟರಿನದು ಇರಲಿ. ಮೂಲೆಗಳಲ್ಲಿ ಗಿಡ್ಡ ಎಲ್ಬೋ ಬೇಡ, ಉದ್ದನೆಯ ಬೆಂಡ್ ಹಾಕಿಸಿ. ಎರಡು ತಿರುವು ಆದ ಮೇಲೆ ಒಂದು ಡಬ್ಬಿ ಬರಲಿ. ಪೈಪಿನೊಳಗೆ ಒಂದು ನೈಲಾನ್ ದಾರ ಬಿಟ್ಟಿರಿ.

ಕರೆಂಟ್ ವೈರ್ ಇರುವ ಪೈಪಿಗೇ ಈ ಕೇಬಲ್ ತೂರಿಸಬೇಡಿ. "ಜಾಗ ಇದೆಯಲ್ಲ ಸಾರ್" ಅಂತಾರೆ ಎಲೆಕ್ಟ್ರಿಷಿಯನ್ನರು. ಜಾಗ ಇದ್ದರೂ ಬೇಡ! 230 ವೋಲ್ಟ್ ಹರಿಯುವ ವೈರಿನ ಹೊದಿಕೆ ಒಂದು ಕಡೆ ಸವೆದರೆ ಆ ಕರೆಂಟು ನಿಮ್ಮ ಕಂಪ್ಯೂಟರ್‌ವರೆಗೂ ಬರಬಹುದು. ಎರಡು ಪೈಪಿನ ನಡುವೆ ಒಂದು ಅಡಿ ಅಂತರ ಇರಲಿ. ದಾಟಲೇಬೇಕಾದರೆ ಕೂಡಿಸುವ ಗುರುತಿನ ಹಾಗೆ ಒಂದಕ್ಕೊಂದು ಅಡ್ಡವಾಗಿ ದಾಟಲಿ.

ಕೇಬಲ್ ಕೊಳ್ಳುವಾಗ ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೂ ಕೆಂಪಾಗಿದ್ದರೆ ತಾಮ್ರ. ಬೆಳ್ಳಗೆ ಕಂಡರೆ ತಾಮ್ರದ ಲೇಪ ಕೊಟ್ಟ ಅಲ್ಯೂಮಿನಿಯಂ, ಅಂಗಡಿಯವರಿಗೇ ವಾಪಸ್ ಕೊಡಿ.

ಅಗ್ರಹಾರದಂಥ ಕಡೆ ಮಣ್ಣಿನ ಗೋಡೆ, ಮದ್ರಾಸ್ ತಾರಸಿಯ ಹಳೇ ಮನೆ ಇರುವವರು ದಯವಿಟ್ಟು ಉಳಿ ಮುಟ್ಟಬೇಡಿ. ತೊಲೆಯ ಪಕ್ಕದಲ್ಲೇ ಕೇಸಿಂಗ್ ಪಟ್ಟಿ, ಅಂದರೆ ಕೇಬಲ್ ಒಳಗೆ ಕೂರಿಸಿ ಮುಚ್ಚುವ ಪಟ್ಟಿ, ಹೊಡೆಸಿದರೆ ಸಾಕು, ಯಾರ ಕಣ್ಣಿಗೂ ಬೀಳುವುದಿಲ್ಲ.

ಇನ್ನು ಈ ವಾರ ಮೋಲ್ಡು ಇಟ್ಟುಕೊಂಡಿರುವವರು. ಸೂರಿನೊಳಗೆ ಹೋಗಬೇಕಾದ ಪೈಪನ್ನು ಕಂಬಿ ಕಟ್ಟುವಾಗಲೇ ಇಡಬೇಕು, ಬಾಯಿ ಎರಡಕ್ಕೂ ಬಿರಡೆ ಹಾಕಬೇಕು, ಇಲ್ಲದಿದ್ದರೆ ಸಿಮೆಂಟ್ ಹಾಲು ಒಳಗೆ ಹೋಗಿ ಗಟ್ಟಿಯಾಗುತ್ತದೆ. ನಿಮ್ಮ ಎಲೆಕ್ಟ್ರಿಷಿಯನ್‌ಗೆ ಇವತ್ತೇ ಫೋನ್ ಮಾಡಿ. ನಮಸ್ಕಾರ.